ಸಹಿ ಹಾಕದ ರಾಯಭಾರಿ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಫಾರಿನ್‌ಗೆ ಹೋಗಿ ಓದುವುದು ಹೇಗೆ ಎಂದು ನನ್ನಂಥ ಎಂಜಿನಿಯರುಗಳನ್ನು ಮಕ್ಕಳು ಕೇಳುತ್ತಾರೆ. ಹೋಗಿ ಏನನ್ನು ಓದಬೇಕು, ಯಾರಿಗಾಗಿ ಓದಬೇಕು ಎಂದು ಕೇಳುವವರು ಕಡಿಮೆ. ಅದಕ್ಕೇ ಇಂದು ಚೀನಾದ ರಾಯಭಾರಿಯೊಬ್ಬರ ವಿಷಯ ಹೇಳುತ್ತೇನೆ. ಹೆಸರು ಗು ವೇಯ್‌ಜುನ್. ಹೊರದೇಶಗಳಲ್ಲಿ ಅವರು ವೆಲಿಂಗ್ಟನ್ ಕೂ ಎಂದೇ ಪ್ರಸಿದ್ಧರು.

ಕೂ ಹುಟ್ಟಿದ್ದು 1888ರಲ್ಲಿ, ಶಾಂಘೈನಲ್ಲಿ. ಆಗ ಆ ನಗರದ ದೊಡ್ಡ ಭಾಗ ವಿದೇಶೀಯರ ಆಡಳಿತದಲ್ಲಿತ್ತು. ಅಲ್ಲಿ ಬ್ರಿಟಿಷನೊಬ್ಬ ತಪ್ಪು ಮಾಡಿದರೆ ಅವನನ್ನು ವಿಚಾರಿಸುವ ಅಧಿಕಾರ ಚೀನಾದ ನ್ಯಾಯಾಲಯಕ್ಕೆ ಇರಲಿಲ್ಲ. ಹದಿಹರೆಯದಲ್ಲೇ ಅಮೆರಿಕಕ್ಕೆ ಹೋದ ಕೂ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1912ರಲ್ಲಿ ಡಾಕ್ಟರೇಟ್ ಪಡೆದರು. ಪ್ರಬಂಧಕ್ಕೆ ಆರಿಸಿಕೊಂಡ ವಿಷಯ ಚೀನಾದಲ್ಲಿ ವಿದೇಶೀಯರ ಸ್ಥಾನಮಾನ. ಹೋದದ್ದು ಪರದೇಶಕ್ಕೆ, ಹುಡುಕಿದ್ದು ತನ್ನ ನಾಡಿನ ಕಷ್ಟದ ಮೂಲವನ್ನು. ಮರುವರ್ಷ ಅದೇ ವಿಶ್ವವಿದ್ಯಾಲಯಕ್ಕೆ ಬಂದ ನಮ್ಮ ಬಾಬಾಸಾಹೇಬ್ ಅಂಬೇಡ್ಕರರೂ ಅಲ್ಲಿ ಕುಳಿತು ಭಾರತದ ಜಾತಿಪದ್ಧತಿಯ ಬಗ್ಗೆಯೇ ಬರೆದರು.

ಕೂ 1915ರಲ್ಲಿ ಅಮೆರಿಕಕ್ಕೆ ಚೀನಾದ ಪ್ರತಿನಿಧಿಯಾದರು. ಆಗ ವಯಸ್ಸು 27. ಓದಿದ್ದು ನಿಜವಾಗಿ ಕೆಲಸಕ್ಕೆ ಬಂದದ್ದು ಮೊದಲ ಮಹಾಯುದ್ಧದ ನಂತರ, 1919ರ ಪ್ಯಾರಿಸ್ ಶಾಂತಿ ಸಮ್ಮೇಳನದಲ್ಲಿ. ಚೀನಾದ ಶಾನ್‌ಡಾಂಗ್ ಪ್ರಾಂತ್ಯದಲ್ಲಿ ಜರ್ಮನಿಗಿದ್ದ ಹಕ್ಕುಗಳು ತನಗೆ ಸೇರಬೇಕೆಂದು ಜಪಾನ್ ಹಟ ಹಿಡಿಯಿತು. ಚೀನಾವೂ ಗೆದ್ದವರ ಪಕ್ಷದಲ್ಲೇ ಇತ್ತು. ಲಕ್ಷಕ್ಕೂ ಹೆಚ್ಚು ಚೀನೀ ಕಾರ್ಮಿಕರು ಯುರೋಪಿನಲ್ಲಿ ದುಡಿದಿದ್ದರು.

ಜನವರಿ 28ರಂದು ಕೂ ದೊಡ್ಡ ರಾಷ್ಟ್ರಗಳ ನಾಯಕರ ಮುಂದೆ ಇಂಗ್ಲಿಷಿನಲ್ಲಿ ವಾದ ಮಂಡಿಸಿದರು. ಶಾನ್‌ಡಾಂಗ್ ಕನ್ಫ್ಯೂಷಿಯಸ್ ಹುಟ್ಟಿದ ನೆಲ. ಚೀನೀಯರಿಗೆ ಅದು ಪುಣ್ಯಭೂಮಿ ಎಂದರು. 1915ರಲ್ಲಿ ಜಪಾನ್ ಬೆದರಿಸಿ ಬರೆಸಿಕೊಂಡ ಒಪ್ಪಂದಕ್ಕೆ ಬೆಲೆಯಿಲ್ಲ, ಜರ್ಮನಿಯ ಮೇಲೆ ಚೀನಾ ಯುದ್ಧ ಸಾರಿದಾಗಲೇ ಜರ್ಮನಿಯ ಹಕ್ಕು ಮುಗಿಯಿತು ಎಂದು ಕಾನೂನಿನ ಮೂಲಕ ತೋರಿಸಿದರು. ಕೇಳಿದವರು ಮೆಚ್ಚಿದರು. ಆದರೂ ತೀರ್ಪು ಜಪಾನಿನ ಪರವಾಯಿತು. ಸುದ್ದಿ ತಿಳಿದು ಮೇ 4ರಂದು ಬೀಜಿಂಗ್‌ನ ವಿದ್ಯಾರ್ಥಿಗಳು ಬೀದಿಗಿಳಿದರು. ಜೂನ್ 28ರಂದು ವರ್ಸೇಲ್ಸ್ ಒಪ್ಪಂದಕ್ಕೆ ಉಳಿದವರು ಸಹಿ ಹಾಕಿದಾಗ ಚೀನಾದ ನಿಯೋಗ ಅಲ್ಲಿಗೆ ಹೋಗಲೇ ಇಲ್ಲ.

ಅಲ್ಲಿಗೆ ಅವರು ಕೈಚೆಲ್ಲಲಿಲ್ಲ. ವಾಷಿಂಗ್ಟನ್ ಸಮ್ಮೇಳನದಲ್ಲಿ ಮತ್ತೆ ಮಾತುಕತೆ ನಡೆದು, 1922ರಲ್ಲಿ ಶಾನ್‌ಡಾಂಗ್ ಚೀನಾಕ್ಕೆ ಮರಳಿತು. 1945ರ ಜೂನ್ 26ರಂದು ವಿಶ್ವಸಂಸ್ಥೆಯ ಸನ್ನದಿಗೆ ಮೊಟ್ಟಮೊದಲು ಸಹಿ ಹಾಕಿದ್ದು ಇದೇ ಕೂ. ಅಂದು ಭಾರತದ ಪರವಾಗಿ ಸಹಿ ಹಾಕಿದವರಲ್ಲಿ ಮುಂದೆ ಮೈಸೂರಿನ ದಿವಾನರಾದ ರಾಮಸ್ವಾಮಿ ಮೊದಲಿಯಾರರೂ ಇದ್ದರು. ನಂತರ ಕೂ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಹತ್ತು ವರ್ಷ ನ್ಯಾಯಾಧೀಶರಾಗಿದ್ದರು.

ಮಕ್ಕಳೇ, ಇಂಗ್ಲಿಷ್ ಕಲಿಯಿರಿ, ಅವಕಾಶ ಸಿಕ್ಕರೆ ದೂರ ದೇಶಕ್ಕೂ ಹೋಗಿ. ಹೋಗುವಾಗ ನಿಮ್ಮ ಊರಿನ ಒಂದು ಪ್ರಶ್ನೆಯನ್ನು ಜೊತೆಗೆ ಒಯ್ಯಿರಿ. ಕೆರೆ ಯಾಕೆ ಬತ್ತಿತು, ಬೆಳೆಗೆ ಬೆಲೆ ಯಾಕೆ ಸಿಗಲಿಲ್ಲ, ಯಾವುದಾದರೂ ಸರಿ. ಮೊದಲ ಸಲ ನಿಮ್ಮ ಮಾತು ನಡೆಯದೆ ಹೋಗಬಹುದು. ಕೂ ಅವರ ಮಾತೂ ಪ್ಯಾರಿಸಿನಲ್ಲಿ ನಡೆಯಲಿಲ್ಲ. ಮೂರು ವರ್ಷ ಬಿಟ್ಟು ನಡೆಯಿತು.