ಕೊರಳಿಗೆ ಕಟ್ಟಿದ ಪಟ್ಟಿ

1968ರ ಏಪ್ರಿಲ್‌ನಲ್ಲಿ ಅಮೆರಿಕದ ಕಪ್ಪುಜನರ ಹಕ್ಕುಗಳಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆಯಾಯಿತು. ಮರುದಿನ ಅಲ್ಲಿನ ಅಯೋವಾ ರಾಜ್ಯದ ರೈಸ್‌ವಿಲ್ ಎಂಬ ಪುಟ್ಟ ಊರಿನಲ್ಲಿ ಶಿಕ್ಷಕಿ ಜೇನ್ ಎಲಿಯಟ್ ವರ್ಣಭೇದ ಎಂದರೇನೆಂದು ತಿಳಿಸಲು ತಮ್ಮ ಮೂರನೇ ತರಗತಿಯ ಮಕ್ಕಳನ್ನು ಕಣ್ಣಿನ ಬಣ್ಣ ನೋಡಿ ಎರಡು ಗುಂಪು ಮಾಡಿದರು. ಎಲ್ಲರೂ ಬಿಳಿಯ ಮಕ್ಕಳೇ. ಒಂದು ಸಲ ಒಂದು ಬಣ್ಣದ ಕಣ್ಣಿನವರು ಮೇಲು, ಇನ್ನೊಂದು ಸಲ ಮತ್ತೊಂದು ಬಣ್ಣದವರು. ಕೀಳೆನಿಸಿಕೊಂಡವರ ಕೊರಳಿಗೆ ಬಟ್ಟೆಯ ಪಟ್ಟಿ.

ಮುಂದೆ 1970ರಲ್ಲಿ ಈ ಪಾಠವನ್ನು ಚಿತ್ರೀಕರಿಸಿದರು. ಅದರಲ್ಲಿ ಕಂದು ಕಣ್ಣಿನ ಮಕ್ಕಳು ಓದುವ ಕಾರ್ಡುಗಳ ಕಟ್ಟನ್ನು ಮುಗಿಸಲು ಪಟ್ಟಿ ಕಟ್ಟಿದ್ದ ದಿನ ಐದೂವರೆ ನಿಮಿಷ ತೆಗೆದುಕೊಂಡರು. ಪಟ್ಟಿ ಬಿಚ್ಚಿದ ದಿನ ಎರಡೂವರೆ ನಿಮಿಷ ಸಾಕಾಯಿತು. ಅದೇ ಮಕ್ಕಳು, ಅದೇ ಕಾರ್ಡು. ಆ ಪಟ್ಟಿಯೇ ಕಾರಣವೆಂದು ಮಕ್ಕಳೇ ಹೇಳಿದರು.

ಎಳೆಯರನ್ನು ಹೀಗೆ ನೋಯಿಸಿ ಕಲಿಸಬಹುದೇ ಎಂದು ಬಹಳ ಜನ ಆಕ್ಷೇಪಿಸಿದ್ದಾರೆ. ಆ ಆಕ್ಷೇಪ ನನಗೂ ಸರಿಯೆನಿಸುತ್ತದೆ. ನೋಯಿಸದೆಯೂ ಕಲಿಸಬಹುದು. ನಮ್ಮಲ್ಲೂ ಅಂಥ ಪಾಠ ಬೇಕಾಗಿದೆ.

ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆ ಆಫ್ರಿಕಾ ಮೂಲದ ಸಿದ್ದಿಗಳು ತಲೆಮಾರುಗಳಿಂದ ಬಾಳುತ್ತಿದ್ದಾರೆ. ಸಿದ್ದಿ ಮಗುವಿನ ಗುಂಗುರು ಕೂದಲನ್ನು ಯಾರೋ ಎಳೆದು ನಕ್ಕಾಗ ಟೀಚರ್ ‘ಸುಮ್ಮನಿರಿ’ ಎಂದು ಬೋರ್ಡಿನತ್ತ ತಿರುಗಬಾರದು. ನಕ್ಕವನನ್ನು ಬೈದರಷ್ಟೇ ಸಾಲದು. ಪೋರ್ಚುಗೀಸರ ಕಾಲದಲ್ಲಿ ಈ ಜನರನ್ನು ಗುಲಾಮರಾಗಿ ಹಡಗಿನಲ್ಲಿ ತಂದದ್ದು, ಅವರು ಕಾಡು ಸೇರಿ ಬದುಕು ಕಟ್ಟಿಕೊಂಡದ್ದು, ಇದನ್ನೆಲ್ಲ ಇಡೀ ತರಗತಿಗೆ ಹೇಳಬೇಕು. ಆ ಮಗುವನ್ನು ಎದ್ದು ನಿಲ್ಲಿಸದೆ ಹೇಳಬೇಕು. ಕೂದಲು ಎಳೆದಾಗ ಏನನಿಸುತ್ತದೆ ಎಂದು ಎಲ್ಲ ಮಕ್ಕಳನ್ನೂ ಕೇಳಬೇಕು, ಉತ್ತರಕ್ಕೆ ಕಾಯಬೇಕು. ಅದಕ್ಕೆ ಒಂದು ಪೀರಿಯಡ್ ಹೋದರೆ ಹೋಗಲಿ, ಲೆಕ್ಕ ನಾಳೆ ಮಾಡಿಸಬಹುದು.