ಉಬ್ಬಿದ ಹೊಟ್ಟೆ: ವಾಯುವೋ, ನೀರೋ?

(ಬುಕ್ಕಾಪಟ್ಟಣದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಅವರೆಕಾಯಿ ಕಾಲ ಬಂತೆಂದರೆ ಈ ಕಡೆಯ ಮನೆಗಳಲ್ಲಿ ಮುದ್ದೆಯ ಜೊತೆ ಅವರೆಕಾಳಿನ ಸಾರು ಇರಲೇಬೇಕು. ಉಂಡ ಮೇಲೆ ಹೊಟ್ಟೆ ಬಿಗಿದರೆ ಹಿರಿಯರು 'ವಾಯು ಆಗಿದೆ' ಎಂದು ಚಿಟಿಕೆ ಇಂಗು, ಒಂದಿಷ್ಟು ಓಂಕಾಳು ಕೊಡುತ್ತಾರೆ. ಇದೇ ದೂರು ಹೊತ್ತು ಚೀನಾದ ಸಾಂಪ್ರದಾಯಿಕ ವೈದ್ಯರ ಬಳಿ ಹೋದರೆ ಅಲ್ಲೂ ಕೇಳಿಬರುವುದು ಹೆಚ್ಚುಕಡಿಮೆ ಇದೇ ಮಾತು. ದೇಹದಲ್ಲಿ ಸಂಚರಿಸುವ ಪ್ರಾಣಶಕ್ತಿಯನ್ನು ಅವರು 'ಚಿ' ಎನ್ನುತ್ತಾರೆ. ಅದು ನಡುವೆ ಸಿಕ್ಕಿಕೊಂಡರೆ ಹೊಟ್ಟೆ ಉಬ್ಬುತ್ತದೆ ಎಂಬುದು ಅವರ ವಿವರಣೆ.

'ಚಿ' ಏಕೆ ಸಿಕ್ಕಿಕೊಳ್ಳುತ್ತದೆ? ಅವರು ಕೊಡುವ ಮುಖ್ಯ ಕಾರಣಗಳು ನಾಲ್ಕು. ಮಿತಿಮೀರಿದ ಊಟ ಜೀರ್ಣವಾಗದೆ ನಿಲ್ಲುವುದು ಮೊದಲನೆಯದು. ಸಿಟ್ಟು, ಚಿಂತೆಗಳಿಂದ ಯಕೃತ್ತಿನ ಕೆಲಸ ಕೆಡುವುದು ಎರಡನೆಯದು. ಶೀತ ಮತ್ತು ತೇವ ಒಳಸೇರುವುದು ಮೂರನೆಯದು. ಆಹಾರವನ್ನು ಸಾರವಾಗಿ ಮಾರ್ಪಡಿಸುವ 'ಗುಲ್ಮ' ದುರ್ಬಲವಾಗುವುದು ನಾಲ್ಕನೆಯದು. ಇಲ್ಲಿ ಗುಲ್ಮವೆಂದರೆ ಇಂದಿನ ಅಂಗರಚನಾಶಾಸ್ತ್ರದ ಅಂಗವಲ್ಲ, ಜೀರ್ಣಶಕ್ತಿಗೆ ಅವರು ಇಟ್ಟ ಹೆಸರು.

ಸುಮಾರು ಕ್ರಿ.ಶ. 200ರ ಹೊತ್ತಿಗೆ ಬದುಕಿದ್ದ ಝಾಂಗ್ ಝೋಂಗ್‌ಜಿಂಗ್ ಒಂದು ಸರಳ ಪರೀಕ್ಷೆ ಹೇಳಿದ. ಹೊಟ್ಟೆ ಒತ್ತಿದಾಗ ನೋವಾಗದಿದ್ದರೆ ಅದು ಶಕ್ತಿ ಕುಂದಿದ ಉಬ್ಬರ. ನೋವಾದರೆ ಒಳಗೆ ಏನೋ ಕಟ್ಟಿಕೊಂಡಿದೆ. ಮೊದಲನೆಯದಕ್ಕೆ ಪುಷ್ಟಿ ಕೊಡಬೇಕು, ಎರಡನೆಯದನ್ನು ಹೊರಹಾಕಬೇಕು.

1232ರಲ್ಲಿ ಮಂಗೋಲರು ಕೈಫೆಂಗ್ ನಗರಕ್ಕೆ ಮುತ್ತಿಗೆ ಹಾಕಿದರು. ಮುತ್ತಿಗೆ ತೆರವಾದ ಮೇಲೂ ಅಲ್ಲಿ ಜನ ಸಾಯುತ್ತಲೇ ಇದ್ದರು. ಇದು ಹೊರಗಿನ ಶೀತದಿಂದ ಬಂದ ರೋಗವಲ್ಲ, ಹಸಿವು ಮತ್ತು ದಣಿವಿನಿಂದ ಜೀರ್ಣಶಕ್ತಿ ನಲುಗಿದ ಪರಿಣಾಮ ಎಂದು ಲಿ ದೊಂಗ್‌ಯುವಾನ್ ಎಂಬ ವೈದ್ಯ ವಾದಿಸಿದ. 1249ರಲ್ಲಿ ಆತ ಗುಲ್ಮ ಮತ್ತು ಜಠರದ ಮೇಲೆ ಗ್ರಂಥವನ್ನೇ ಬರೆದ. ಬರ ಕಂಡ ಶಿರಾ, ಪಾವಗಡದ ಸೀಮೆಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಆಯುರ್ವೇದದ ದಾರಿಯೂ ದೂರದ್ದಲ್ಲ. ಬರಿಯ ವಾತದ ಉಬ್ಬರಕ್ಕೆ 'ಆಧ್ಮಾನ' ಎಂಬ ಹೆಸರಿದೆ. ದೊಡ್ಡ ಕಾಯಿಲೆಯಾದ 'ಉದರ'ವನ್ನು ಚರಕಸಂಹಿತೆ ಎಂಟು ಬಗೆಯಾಗಿ ವಿಂಗಡಿಸುತ್ತದೆ, ಮೂಲದಲ್ಲಿರುವುದು ಮಂದಾಗ್ನಿ. ಇಂಗು, ಶುಂಠಿ, ಮೆಣಸು, ಹಿಪ್ಪಲಿ, ಅಜಮೋದ, ಎರಡು ಬಗೆಯ ಜೀರಿಗೆ, ಸೈಂಧವ ಲವಣ ಸೇರಿದ 'ಹಿಂಗ್ವಾಷ್ಟಕ ಚೂರ್ಣ' ಇಂದಿಗೂ ಬಳಕೆಯಲ್ಲಿದೆ.

ಆಧುನಿಕ ವಿಜ್ಞಾನ ಅವರೆಕಾಳಿನ ಗುಟ್ಟನ್ನೂ ಬಿಡಿಸಿದೆ. ಕಾಳಿನಲ್ಲಿರುವ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳು ಸಣ್ಣ ಕರುಳಿನಲ್ಲಿ ಜೀರ್ಣವಾಗುವುದಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅವನ್ನು ಹುಳಿಸಿದಾಗ ಜಲಜನಕ, ಇಂಗಾಲದ ಡೈಆಕ್ಸೈಡ್, ಮೀಥೇನ್ ಹುಟ್ಟುತ್ತವೆ. ಕಾಳು ನೆನೆಹಾಕಿ ನೀರು ಚೆಲ್ಲಿದರೆ ಉಬ್ಬರ ಕಡಿಮೆಯಾಗುವುದು ಇದೇ ಕಾರಣಕ್ಕೆ.

ಆದರೆ ಎಲ್ಲ ಉಬ್ಬರವೂ ವಾಯುವಲ್ಲ. ನೀರು ತುಂಬಿದ ಹೊಟ್ಟೆಗೆ ಚೀನೀಯರು 'ಗುಝಾಂಗ್' ಎನ್ನುತ್ತಾರೆ. 'ಗು' ಎಂದರೆ ಡೋಲು. ನಮ್ಮ 'ಡೊಳ್ಳು ಹೊಟ್ಟೆ'ಯಲ್ಲಿರುವ ಹೋಲಿಕೆಯೇ ಅಲ್ಲಿಯೂ ಇದೆ. ಆಯುರ್ವೇದದಲ್ಲಿ ಇದು ಜಲೋದರ. ಹೊಕ್ಕುಳ ಕೆಳಗೆ ಎಡಭಾಗದಲ್ಲಿ ಚುಚ್ಚಿ, ನಳಿಕೆ ಇಟ್ಟು ನೀರು ತೆಗೆಯಬೇಕು, ಆದರೆ ಒಂದೇ ದಿನ ಎಲ್ಲವನ್ನೂ ತೆಗೆಯಬಾರದು ಎಂದು ಸುಶ್ರುತಸಂಹಿತೆ ಎಚ್ಚರಿಸುತ್ತದೆ. ಇಂದಿನ ಆಸ್ಪತ್ರೆಗಳಲ್ಲೂ ಯಕೃತ್ತಿನ ರೋಗಿಯಿಂದ 5 ಲೀಟರಿಗಿಂತ ಹೆಚ್ಚು ನೀರು ತೆಗೆದರೆ ರಕ್ತದೊತ್ತಡ ಕುಸಿಯದಂತೆ ಅಲ್ಬುಮಿನ್ ಕೊಡುತ್ತಾರೆ. ಹಳೆಯ ಅನುಭವ ಕಂಡ ಅಪಾಯ ಸುಳ್ಳಾಗಿರಲಿಲ್ಲ.

ಈ ನೀರಿನ ಹಿಂದೆ ಮದ್ಯಪಾನ ಅಥವಾ ಹೆಪಟೈಟಿಸ್‌ನಿಂದ ಗಟ್ಟಿಯಾದ ಯಕೃತ್ತು ಇರಬಹುದು. ಕ್ಷಯ, ಹೃದಯ ಇಲ್ಲವೇ ಮೂತ್ರಪಿಂಡದ ರೋಗ, ಕ್ಯಾನ್ಸರ್ ಇರಬಹುದು. ಇವಕ್ಕೆ ಓಂಕಾಳು ಮದ್ದಲ್ಲ. ಹೊಟ್ಟೆ ದಿನದಿಂದ ದಿನಕ್ಕೆ ಬೆಳೆದರೆ, ಕಣ್ಣು ಹಳದಿಯಾದರೆ, ಕಾಲು ಊದಿದರೆ, ತೂಕ ಇಳಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ವಾಂತಿಯ ಜೊತೆಗೆ ಮಲ, ವಾಯು ಎರಡೂ ನಿಂತರೆ ಅದು ಕರುಳು ಕಟ್ಟಿದ ಲಕ್ಷಣವಿರಬಹುದು. ಆಗ ಗಂಟೆಗಳ ಲೆಕ್ಕ. ಐವತ್ತು ದಾಟಿದ ಹೆಂಗಸರಲ್ಲಿ ವಾರಗಟ್ಟಲೆ ಇಳಿಯದ ಉಬ್ಬರ ಅಂಡಾಶಯದ ಕ್ಯಾನ್ಸರಿನ ಸೂಚನೆಯೂ ಆಗಬಹುದು.

ಹಸಿ ಮೇವು ಹೆಚ್ಚಾಗಿ ತಿಂದ ದನದ ಎಡಪಕ್ಕೆ ಉಬ್ಬಿದರೆ ರೈತ ಅರ್ಧರಾತ್ರಿಯಲ್ಲೂ ಪಶುವೈದ್ಯರಿಗೆ ಹೇಳಿಕಳುಹಿಸುತ್ತಾನೆ. ತಡವಾದರೆ ದನ ಉಳಿಯದು ಎಂಬುದು ಅವನಿಗೆ ಗೊತ್ತು. ಅದೇ ಮನೆಯ ತಾಯಿ ತಿಂಗಳುಗಟ್ಟಲೆ ಹೊಟ್ಟೆ ಬಿಗಿಹಿಡಿದುಕೊಂಡು, 'ಗ್ಯಾಸ್ಟ್ರಿಕ್ಕು, ಹೋಗುತ್ತೆ ಬಿಡು' ಎನ್ನುತ್ತಿರುತ್ತಾಳೆ. ಕಾರಣ ಹುಡುಕಿ ಆಮೇಲೆ ಮದ್ದು ಕೊಡು ಎಂಬುದರಲ್ಲಿ ಚೀನೀ ವೈದ್ಯ, ಆಯುರ್ವೇದ, ಆಧುನಿಕ ವೈದ್ಯ ಮೂವರದೂ ಒಂದೇ ಮಾತು. ದನಕ್ಕೆ ಸಿಗುವ ಆ ಅವಸರ ಆ ತಾಯಿಗೂ ಸಿಗಬೇಕು.