ಕಟ್ಟಿದ ಮೂಗು

ಈ ಹೊತ್ತು ನಾನು ಮಾತಿಗೆ ಎತ್ತಿಕೊಂಡಿರುವ ವಿಷಯ ಅಷ್ಟೇನೂ ಸೊಗಸಾದುದಲ್ಲ. ಸಿಂಬಳದ ವಿಷಯ. ತಾವು ಊಟದ ಎಲೆಯ ಮುಂದೆ ಕುಳಿತಿದ್ದು ರೇಡಿಯೋವನ್ನು ತುಸು ಮೆತ್ತಗೆ ಮಾಡಿದರೆ ನನಗೆ ಬೇಸರವಿಲ್ಲ. ಆದರೆ ಮೂಗಿಗೆ ಒಂದು ಸಣ್ಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದು, ‘ಎಲ್ಲ ಸರಿಹೋಯಿತೆಂದು ಡಾಕ್ಟರು ಹೇಳುತ್ತಾರೆ, ಮೂಗು ಮಾತ್ರ ಬಿಡಲೊಲ್ಲದು’ ಎಂದು ಕಂಗೆಟ್ಟು ಕುಳಿತವರು ಬೀದಿಗೊಬ್ಬರಾದರೂ ಇದ್ದಾರು. ಅವರು ಮಾತ್ರ ದಯವಿಟ್ಟು ಕೇಳಬೇಕು.

ನನ್ನ ಮೂಗಿನ ನಡುಗೋಡೆ ಎಡಕ್ಕೆ ಬಾಗಿತ್ತು. ಈ ಗೋಡೆ ನೆಟ್ಟಗಿರುವವರೇ ಕಡಮೆ. ಹೆಚ್ಚಿನವರಿಗೆ ಅದರಿಂದ ತೊಂದರೆಯೂ ಇಲ್ಲ. ನಾನಾದರೋ ರಾತ್ರಿಯೆಲ್ಲ ಬಾಯಲ್ಲಿ ಉಸಿರಾಡಿ, ಬೆಳಗ್ಗೆ ಗಂಟಲು ಒಣಗಿ, ಮೊದಲ ಪೀರಿಯಡ್ಡಿಗೆ ಸ್ವರವೇ ಏಳದಂತಾಗಿದ್ದೆ. 2023ರ ಬೇಸಿಗೆಯಲ್ಲಿ, ಉತ್ತರಪತ್ರಿಕೆಗಳ ಕೆಲಸವೆಲ್ಲ ಮುಗಿದ ಮೇಲೆ, ಮೇ ತಿಂಗಳ ನಡುವೆ ಸೆಪ್ಟೊಪ್ಲಾಸ್ಟಿ ಎಂಬ ಆಪರೇಷನ್ ಆಯಿತು. ಮುಖದ ಮೇಲೆ ಗಾಯವಿಲ್ಲ. ಒಳಗಿನಿಂದಲೇ ಗೋಡೆಯ ಮೃದ್ವಸ್ಥಿಯನ್ನು ನೇರಗೊಳಿಸುತ್ತಾರೆ. ಮಾರನೆಯ ದಿನ ಮನೆಗೆ ಕಳುಹಿಸಿದರು. ಹೊಳ್ಳೆಗಳೊಳಗೆ ಇಟ್ಟಿದ್ದ ಸಿಲಿಕೋನಿನ ತೆಳು ಪಟ್ಟಿಗಳನ್ನು ಎಂಟನೆಯ ದಿನ ತೆಗೆದರು. ಆಗ ಒಳಹೊಕ್ಕ ಗಾಳಿಯ ತಂಪನ್ನು ಏನೆಂದು ಬಣ್ಣಿಸಲಿ! ಮೂವತ್ತು ವರ್ಷದಿಂದ ಮುಚ್ಚಿದ್ದ ಕಿಟಕಿ ತೆರೆದಂತಾಯಿತು.

ಆ ಸುಖ ಇದ್ದುದು ಎರಡೇ ದಿನ. ಆಮೇಲೆ ಮೂಗು ಮತ್ತೆ ಕಟ್ಟಿತು. ಅಂಟಾದ ಲೋಳೆ, ಅದರ ಮೇಲೆ ಹಕ್ಕಳೆ. ಮಲಗಿದರೆ ಅದೆಲ್ಲ ಗಂಟಲಿಗೆ ಇಳಿದು ಕೆಮ್ಮು. ಅಷ್ಟರಲ್ಲಿ ಶಾಲೆಯೂ ತೆರೆಯಿತು. ಎಂಟನೆಯ ತರಗತಿಯಲ್ಲಿ ನಿಂತು ‘ಮಳೆ ಬಂದರೆ ಮರ ಚಿಗುರುತ್ತದೆ’ ಎಂದು ನಾನು ಹೇಳಿದರೆ, ಹುಡುಗರಿಗೆ ಕೇಳಿಸಿದ್ದು ‘ಬಳೆ ಬದ್ದರೆ ಬರ ಚಿಗುರುತ್ತದೆ’! ಅವರು ನಕ್ಕರು. ತಪ್ಪು ಅವರದಲ್ಲ. ‘ಮ’ಕಾರಕ್ಕೂ ‘ಬ’ಕಾರಕ್ಕೂ ತುಟಿಗಳ ಕೆಲಸ ಒಂದೇ, ಮೂಗಿನ ದಾರಿ ತೆರೆದಿದ್ದರೆ ‘ಮ’, ಮುಚ್ಚಿದ್ದರೆ ‘ಬ’. ಮೂಗು ಕಟ್ಟಿದವನ ಬಾಯಲ್ಲಿ ವರ್ಗದ ಐದನೆಯ ಅಕ್ಷರ ಮೂರನೆಯದಾಗಿ ಬಿಡುತ್ತದೆ. ಈ ಪಾಠವನ್ನು ಎಷ್ಟೋ ವರ್ಷ ಕರಿಹಲಗೆಯ ಮೇಲೆ ಬರೆದು ಕಲಿಸಿದ್ದೆ. ಅನುಭವದಿಂದ ಕಲಿತದ್ದು ಆಗ. ಹುಡುಗರ ಜೊತೆಗೆ ನಾನೂ ನಕ್ಕೆ, ನಿಜ. ಆದರೆ ಮಾತೇ ಜೀವನೋಪಾಯವಾದವನಿಗೆ ಆ ನಗುವಿನ ಒಳಗೆ ಒಂದು ಭಯವಿತ್ತು. ದುಡ್ಡು ಕೊಟ್ಟು ಇದ್ದ ಸ್ವರವನ್ನೂ ಕಳೆದುಕೊಂಡೆನೆ?

ಆ ಭಯಕ್ಕೆ ನಾನು ಕಂಡುಕೊಂಡ ಪರಿಹಾರವನ್ನು ಹೇಳಿಕೊಳ್ಳಲು ನಾಚಿಕೆ. ಡಾಕ್ಟರನ್ನು ಕೇಳದೆ ಔಷಧಿ ಅಂಗಡಿಯಿಂದ ಮೂಗು ಬಿಡಿಸುವ ಹನಿಮದ್ದು ತಂದೆ. ಎರಡು ಹನಿ ಬಿದ್ದರೆ ಸಾಕು, ಕೆಲವೇ ನಿಮಿಷಗಳಲ್ಲಿ ಮೂಗು ಬಯಲಾಗುತ್ತಿತ್ತು. ತರಗತಿಗೆ ಮುಂಚೆ ಎರಡು ಹನಿ, ಮಲಗುವಾಗ ಎರಡು ಹನಿ. ಎರಡನೆಯ ವಾರಕ್ಕೆ ಎರಡು ಹನಿ ನಾಲ್ಕಾಯಿತು. ಮೂರನೆಯ ವಾರಕ್ಕೆ ಮದ್ದಿನ ಗುಣ ಇಳಿದೊಡನೆ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟತೊಡಗಿತು. ಕೊನೆಗೆ ಡಾಕ್ಟರ ಮುಂದೆ ಸೀಸೆಯನ್ನು ತೆಗೆದಿಟ್ಟೆ. “ಮೇಷ್ಟ್ರೇ, ಈಗ ನಿಮ್ಮ ಮೂಗು ಕಟ್ಟಿರುವುದು ನನ್ನ ಆಪರೇಷನ್ನಿನಿಂದಲ್ಲ, ಈ ಸೀಸೆಯಿಂದ” ಎಂದರು. ಆ ಮದ್ದು ಮೂಗಿನ ರಕ್ತನಾಳಗಳನ್ನು ಸಂಕೋಚಗೊಳಿಸುತ್ತದೆ. ಮೂರರಿಂದ ಐದು ದಿನಕ್ಕಿಂತ ಹೆಚ್ಚು ಬಳಸಿದರೆ ಅವು ಹಟಕ್ಕೆ ಬಿದ್ದಂತೆ ಮರಳಿ ಉಬ್ಬುತ್ತವೆ. ಬಿಡಲು ನನಗೆ ಹತ್ತು ದಿನ ಹಿಡಿಯಿತು. ಅವರು ಬೇರೊಂದು ತುಂತುರು ಮದ್ದು ಕೊಟ್ಟರು. ಅದು ಒಡನೆಯೇ ಸುಖ ಕೊಡುವುದಲ್ಲ, ದಿನಗಳ ಮೇಲೆ ಊತ ಇಳಿಸುವುದು. ಆ ಹತ್ತು ರಾತ್ರಿಗಳನ್ನು ಕುರ್ಚಿಯಲ್ಲೇ ಕಳೆದೆ ಎಂದರೂ ಸರಿಯೆ.

ಅಂದು ಅವರು ತಿಳಿಸಿದ ಒಂದು ಮಾತು ನನ್ನ ತಳಮಳವನ್ನು ಅರ್ಧ ಇಳಿಸಿತು. ಮೂಗು ಆರೋಗ್ಯವಾಗಿರುವಾಗಲೂ ಲೋಳೆಯನ್ನು ಮಾಡುತ್ತಲೇ ಇರುತ್ತದೆ. ಒಳಪದರದ ಮೇಲೆ ಕಣ್ಣಿಗೆ ಕಾಣದ ರೋಮಗಳಿವೆ. ಅವು ಸೆಕೆಂಡಿಗೆ ಹತ್ತಾರು ಸಲ ಬಡಿದು, ಧೂಳು ಹತ್ತಿದ ಲೋಳೆಯನ್ನು ಗಂಟಲಿನತ್ತ ಗುಡಿಸುತ್ತವೆ. ನಾವು ಅರಿಯದೆ ನುಂಗಿಬಿಡುತ್ತೇವೆ. ಮೂಗಿನ ಮುಂಭಾಗದಲ್ಲಿ ಸ್ಯಾಕರಿನ್ನಿನ ಒಂದು ಕಣವನ್ನಿಟ್ಟರೆ, ಆರೋಗ್ಯವಂತರಿಗೆ ಸಾಮಾನ್ಯವಾಗಿ 20 ನಿಮಿಷದೊಳಗೆ ಗಂಟಲಲ್ಲಿ ಸಿಹಿ ತಿಳಿಯುತ್ತದೆ. ಈ ಗುಡಿಸುವಿಕೆಯನ್ನು ಅಳೆಯಲು ವೈದ್ಯರು ನಡೆಸುವ ಪರೀಕ್ಷೆಯೇ ಅದು. ಶಸ್ತ್ರ ತಾಗಿದ ಮೂಗಿನಲ್ಲಿ ಗಾಯ ಮಾಯುವವರೆಗೆ ಈ ರೋಮಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಲೋಳೆ ನಿಂತಲ್ಲೇ ನಿಂತು ಒಣಗುತ್ತದೆ. ಊತ ಬಹುಮಟ್ಟಿಗೆ ಇಳಿಯುವುದಕ್ಕೇ ಎರಡು ಮೂರು ತಿಂಗಳು ಬೇಕು. ನಾನು ಮೂರನೆಯ ವಾರದಲ್ಲೇ ಸೋತೆನೆಂದು ಕುಳಿತಿದ್ದೆ.

ಅಲ್ಲಿಯವರೆಗೆ ಆ ಗುಡಿಸುವ ಕೆಲಸವನ್ನು ಉಪ್ಪುನೀರು ಮಾಡಬೇಕು. ಲೀಟರಿಗೆ 9 ಗ್ರಾಂ ಉಪ್ಪು. ಇದು ನಮ್ಮ ರಕ್ತದ ಉಪ್ಪಿಗೆ ಸಮೀಪವಾದ್ದರಿಂದ ಉರಿಯುವುದಿಲ್ಲ. ಡಾಕ್ಟರು ಹೇಳಿದ ದಿನದಿಂದ, ಮುಂದಕ್ಕೆ ಬಗ್ಗಿ, ಬಾಯಿ ತೆರೆದು, ಮೆಲ್ಲಗೆ ಹರಿಯಬಿಡುವುದು. ನಮ್ಮ ಅತ್ತೆಯವರು, “ಇದು ಜಲನೇತಿಯೇ ಅಲ್ಲವೇನಪ್ಪ, ಇದಕ್ಕೆ ಡಾಕ್ಟರು ಯಾಕೆ?” ಎಂದರು. ಅವರ ಮಾತು ಬಹಳ ಮಟ್ಟಿಗೆ ನಿಜ. (ಹಠಯೋಗಪ್ರದೀಪಿಕೆಯಲ್ಲಿ ಹೇಳಿರುವ ನೇತಿ ಮಾತ್ರ ನೀರಿನದಲ್ಲ, ದಾರದ್ದು, ಹೊಸ ಗಾಯದ ಮೂಗಿಗೆ ಅದನ್ನು ಯಾರೂ ತೋರಿಸಬೇಡಿ.) ಆದರೆ ನೀರನ್ನು ಒಂದು ನಿಮಿಷವಾದರೂ ಕೊತಕೊತನೆ ಕುದಿಸಿ ಆರಿಸಿರಬೇಕು. ನಲ್ಲಿಯ ನೀರು, ಬಾವಿಯ ನೀರು ಹಾಗೆಯೇ ಬೇಡ. ಕುಡಿದರೆ ಏನೂ ಮಾಡದ ಒಂದು ಅಮೀಬಾ ಮೂಗಿನಿಂದ ಹೊಕ್ಕರೆ ಮಿದುಳಿಗೆ ಏರುತ್ತದೆ. 2024 ಮತ್ತು 2025ರಲ್ಲಿ ನೆರೆಯ ಕೇರಳದಲ್ಲಿ ಮಿದುಳಿನ ಅಮೀಬಾ ಸೋಂಕಿನಿಂದ ಸಾವುಗಳಾದುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ.

ಇನ್ನು ಸಣ್ಣಪುಟ್ಟ ಸಂಗತಿಗಳು. ಮೊದಲ ಎರಡು ವಾರ ಮೂಗನ್ನು ಬಲವಾಗಿ ಸೀದಬೇಡಿ. ಸೀನು ಬಂದರೆ ಬಾಯಿ ತೆರೆದು ಸೀನಿ. ತಲೆದಿಂಬು ಎರಡಿರಲಿ. ಹಕ್ಕಳೆಯನ್ನು ಉಗುರಿನಿಂದ ಕೀಳಬೇಡಿ, ನೆನೆದು ತಾನೇ ಬರುತ್ತದೆ. ಕುದಿಯುವ ನೀರಿನ ಆವಿಯೂ ಡಾಕ್ಟರನ್ನು ಕೇಳದೆ ಬೇಡ. ಎಳೆಯ ಗಾಯದಲ್ಲಿ ರಕ್ತ ಬರಬಹುದು, ಪಾತ್ರೆ ಉರುಳಿದರೆ ಮೈ ಸುಡುತ್ತದೆ. ಒಗ್ಗರಣೆಯ ಘಾಟು, ಊದುಬತ್ತಿಯ ಹೊಗೆ, ಸೀಮೆಸುಣ್ಣದ ಪುಡಿ ಇವುಗಳಿಂದ ದೂರ. ಹಿಂದಿನ ಪಂಡಿತರ ಸಂಗಾತಿಯಾಗಿದ್ದ ನಶ್ಯದ ಡಬ್ಬಿಯ ಮಾತನ್ನಂತೂ ಎತ್ತುವುದೇ ಬೇಡ.

ತಾಳ್ಮೆ ಬೇಕೆಂದು ಹೇಳುತ್ತಿರುವ ನಾನೇ, ತಾಳ್ಮೆ ಕೂಡದ ಸಂದರ್ಭಗಳನ್ನೂ ಹೇಳಬೇಕು. ಹೊಸ ರಕ್ತ ಸುರಿದು ನಿಲ್ಲದಿದ್ದರೆ, ಜ್ವರದೊಡನೆ ತೀವ್ರ ತಲೆನೋವೋ ಕತ್ತು ಬಿಗಿತವೋ ಬಂದರೆ, ಲೋಳೆ ಕೀವಾಗಿ ನಾತ ಬಂದರೆ, ದೃಷ್ಟಿ ಮಸುಕಾದರೆ, ಮೊದಲ ದಿನಗಳಲ್ಲಿ ಮೂಗು ಪೂರ್ತಿ ಮುಚ್ಚಿ ನೋವು ಏರುತ್ತಲೇ ಹೋದರೆ, ಅಂದೇ ಡಾಕ್ಟರ ಬಳಿಗೆ ಹೋಗಬೇಕು. ಕೊನೆಯದು ಗೋಡೆಯ ಪದರದೊಳಗೆ ರಕ್ತ ನಿಂತುದರ ಗುರುತಾಗಿರಬಹುದು. ಬಗ್ಗಿದಾಗ ಒಂದೇ ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕಿ ಬಾಯಿಗೆ ಉಪ್ಪುಪ್ಪಾದರೆ, ಅದನ್ನು ನೆಗಡಿಯೆಂದು ಒರೆಸಿಕೊಂಡು ಸುಮ್ಮನಿರಬಾರದು. ಅದು ಬಲು ಅಪರೂಪ, ಆದರೆ ಮಿದುಳಿನ ಸುತ್ತಲಿನ ದ್ರವವೇ ಸೋರುತ್ತಿರಬಹುದು.

ನನ್ನ ಮೂಗು ಆಗಸ್ಟಿನ ಕೊನೆಗೆ ಬಿಟ್ಟಿತು. ಯಾವ ದಿನವೆಂದು ಹೇಳಲಾರೆ. ಒಂದು ಬೆಳಗ್ಗೆ ಪಾಠದ ನಡುವೆ, ಮಳೆ ಮಳೆಯಾಗಿಯೇ ಬಂದುದನ್ನು ಮುಂದಿನ ಬೆಂಚಿನ ಹುಡುಗಿಯೊಬ್ಬಳು ನನಗಿಂತ ಮೊದಲು ಗಮನಿಸಿದಳು. ಈಗಲೂ ಚಳಿಗಾಲದ ಬೆಳಗ್ಗೆ ಗಂಟಲಲ್ಲಿ ಒಂದಿಷ್ಟು ಲೋಳೆ ಇರುತ್ತದೆ. ಉಪ್ಪುನೀರಿನ ಸೀಸೆ ಬಚ್ಚಲಿನ ಗೂಡಿನಲ್ಲೇ ಇದೆ.